ಎರಡನೆಯ ಪ್ರೀಆಂಪ್ ಮೊದಲನೆಯದರ ಅವಳಿಯಾಗಬೇಕೇ?

ಪ್ರಶ್ನೆ: ನಮ್ಮದು ನಾಲ್ವರ ರಾಕ್ ಬ್ಯಾಂಡ್. ಮನೆಯ ಮಹಡಿಯ ಕೋಣೆಯಲ್ಲೇ ಧ್ವನಿಮುದ್ರಣ ಮಾಡುತ್ತೇವೆ. ಸದ್ದನ್ನು ಕಂಪ್ಯೂಟರಿಗೆ ಒಯ್ಯುವ, ಎಂಟು ಇನ್‌ಪುಟ್‌ಗಳ ಇಂಟರ್‌ಫೇಸ್ ಇದೆ. ಕಳೆದ ವರ್ಷ ನೀವ್ 1073 ಮಾದರಿಯ ಒಂದು ಚಾನೆಲ್ಲಿನ ಪ್ರೀಆಂಪ್ (ಮೈಕಿನ ಕ್ಷೀಣ ಸದ್ದನ್ನು ಹಿಗ್ಗಿಸುವ ಯಂತ್ರ) ಕೊಂಡೆ. ಈಗ ಇನ್ನೊಂದಕ್ಕೆ ದುಡ್ಡು ಕೂಡಿಸಿದ್ದೇನೆ. ಅದೇ ಮಾದರಿಯದನ್ನು ಕೊಳ್ಳಲೇ, ಬೇರೆಯದಕ್ಕೆ ಹೋಗಲೇ, ಅಥವಾ ಈಕ್ವಲೈಸರ್, ಕಂಪ್ರೆಸರ್ ಎಲ್ಲವೂ ಒಟ್ಟಿಗಿರುವ ಚಾನೆಲ್ ಸ್ಟ್ರಿಪ್ ಒಳ್ಳೆಯದೇ?

ಉತ್ತರ: ಎಪಿಐ ಕಂಪನಿಯ 312 ವಂಶದ ಪ್ರೀಆಂಪ್ ಕೊಳ್ಳಿ. ಕೈಯಲ್ಲಿರುವ ಹಣಕ್ಕೆ ಎರಡು ಚಾನೆಲ್ ಸಿಗುವುದಾದರೆ ಎರಡನ್ನೇ ಕೊಳ್ಳಿ.

1073 ಎಂಬುದು 1970ರಲ್ಲಿ ಇಂಗ್ಲೆಂಡಿನ ರೂಪರ್ಟ್ ನೀವ್ ಅವರ ಕಂಪನಿ ಸ್ಟುಡಿಯೋದ ಮಿಕ್ಸಿಂಗ್ ಕನ್ಸೋಲುಗಳಿಗಾಗಿ ರೂಪಿಸಿದ ಮಾಡ್ಯೂಲ್. ಕ್ಲಾಸ್ ಎ ಸರ್ಕ್ಯೂಟ್, ಸದ್ದು ಒಳಹೋಗುವಲ್ಲೂ ಹೊರಬರುವಲ್ಲೂ ಟ್ರಾನ್ಸ್‌ಫಾರ್ಮರ್. ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಪ್ರಮಾಣ, ಏರಿಸಿದಂತೆಲ್ಲ ಕೆಳಗಿನ ಸ್ವರಗಳು ಮೈದುಂಬುತ್ತವೆ, ಸದ್ದಿನ ಮೊನೆ ತುಸು ಮೊಂಡಾಗುತ್ತದೆ. ಹಾಡುವ ದನಿಗೂ ಬೇಸ್ ಗಿಟಾರಿಗೂ ಇದು ವರ. ಆದರೆ ಡ್ರಮ್, ಗಿಟಾರ್, ಬೇಸ್, ಹಾಡು ಎಲ್ಲವನ್ನೂ ಇದರಲ್ಲೇ ಹಾಯಿಸಿದರೆ, ಮಿಕ್ಸ್‌ಗೆ ಕೂತಾಗ ಕಂಬಳಿಯ ಮೇಲೆ ಕಂಬಳಿ ಹೊದಿಸಿದಂತೆ ಕೇಳುತ್ತದೆ. ಅಮೆರಿಕದ ಎಪಿಐ ಸ್ವಭಾವವೇ ಬೇರೆ. ಅದರ ಜೀವಾಳ 2520 ಎಂಬ ಆಪ್‌ಆಂಪ್, ಸದ್ದನ್ನು ಹಿಗ್ಗಿಸುವ ಪುಟ್ಟ ಘಟಕ. ಸ್ನೇರ್ ಡ್ರಮ್ಮಿಗೆ ಕೋಲು ತಾಗುವ ಆ ಕ್ಷಣ ಅದರಲ್ಲಿ ಕಡ್ಡಿ ಮುರಿದಂತೆ ಬರುತ್ತದೆ, ಗಿಟಾರಿನ ಮಧ್ಯದ ಸ್ವರಗಳು ಮುಂದೆ ಬಂದು ನಿಲ್ಲುತ್ತವೆ. ನಿಮ್ಮ ಬಳಿ ಇಲ್ಲದಿರುವುದು ಇದೇ.

ಎರಡು ಚಾನೆಲ್ ಎಂದದ್ದು ಡ್ರಮ್ಮಿನ ಮೇಲಿನ ಜೋಡಿ ಮೈಕುಗಳಿಗಾಗಿ. ಎಡಕ್ಕೊಂದು, ಬಲಕ್ಕೊಂದು ಬೇರೆ ಸ್ವಭಾವದ ಪ್ರೀಆಂಪ್ ಹಾಕಿದರೆ ಸಿಂಬಲ್ ಒಂದು ಕಡೆಗೆ ವಾಲುತ್ತದೆ.

ಚಾನೆಲ್ ಸ್ಟ್ರಿಪ್ ಕೆಟ್ಟದ್ದಲ್ಲ. ಒಬ್ಬರೇ ಹಾಡುತ್ತ ಒಂದೊಂದಾಗಿ ಮುದ್ರಿಸುವವರಿಗೆ ಅದು ಬಹಳ ಅನುಕೂಲ. ಆದರೆ ಅಲ್ಲಿ ನಿಮ್ಮ ದುಡ್ಡು ಮೂರು ಪಾಲಾಗುತ್ತದೆ. ಮುದ್ರಿಸುವಾಗಲೇ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಅತಿಯಾಗಿ ಹಿಂಡಿದರೆ ಆಮೇಲೆ ಬಿಡಿಸಲು ದಾರಿಯಿಲ್ಲ. ಇಡೀ ಬ್ಯಾಂಡನ್ನು ಹಿಡಿಯಬೇಕಾದ ನಿಮಗೆ ಸದ್ಯಕ್ಕೆ ಬೇಡ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸದೆ, ಡಿಐ (ಗಿಟಾರನ್ನು ನೇರವಾಗಿ ಮುದ್ರಣಕ್ಕೆ ಜೋಡಿಸುವ ಪೆಟ್ಟಿಗೆ) ಮೂಲಕ ಮುದ್ರಿಸಿಕೊಳ್ಳಿ. ಆ ಮುದ್ರಿಕೆಯನ್ನು, ಅದರ ಮಟ್ಟವನ್ನು ಮತ್ತೆ ಗಿಟಾರಿನ ಮಟ್ಟಕ್ಕೆ ತರುವ ರೀಆಂಪ್ ಪೆಟ್ಟಿಗೆಯ ಮೂಲಕ ಆಂಪ್ಲಿಫೈಯರಿಗೆ ಹಾಯಿಸಿ, ಮುಂದೆ ಎಸ್‌ಎಂ57 ಮೈಕ್ ನಿಲ್ಲಿಸಿ. ಮೈಕನ್ನು ಮೊದಲು ನಿಮ್ಮ 1073ಕ್ಕೆ, ಆಮೇಲೆ ಕೊಳ್ಳಬೇಕೆಂದಿರುವುದಕ್ಕೆ ಜೋಡಿಸಿ ಮುದ್ರಿಸಿ. ನುಡಿಸಿದ್ದು ಎರಡರಲ್ಲೂ ಒಂದೇ ಇರುವುದರಿಂದ ಉಳಿಯುವ ವ್ಯತ್ಯಾಸ ಪ್ರೀಆಂಪಿನದು ಮಾತ್ರ. ಕೇಳುವ ಮುಂಚೆ ಎರಡರ ಮಟ್ಟವನ್ನೂ ಅರ್ಧ ಡೆಸಿಬೆಲ್ಲಿನೊಳಗೆ ಸರಿದೂಗಿಸಿ. ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಒಂದೇ ಡೆಸಿಬೆಲ್ಲಿನ ಅಂತರ ನನ್ನನ್ನು ದಾರಿ ತಪ್ಪಿಸಿದ್ದುಂಟು. ಯಾವುದು ಯಾವುದೆಂದು ತಿಳಿಯದಂತೆ ಗೆಳೆಯರೊಬ್ಬರಿಂದ ಹಾಕಿಸಿ ಕೇಳಿ. ಆಮೇಲೆ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನತ್ತ ಎರಡು ಬೆರಳು ಸರಿಸಿ ಮತ್ತೊಮ್ಮೆ ಮುದ್ರಿಸಿ. ಪ್ರೀಆಂಪ್ ಬದಲಿಸಿದ್ದಕ್ಕಿಂತ ಹೆಚ್ಚಿನ ಬದಲಾವಣೆ ಅಲ್ಲಿ ಕಾಣುತ್ತದೆ. ಇದನ್ನು ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಹೇಳುತ್ತಿಲ್ಲ. ಎಷ್ಟು ದುಡ್ಡಿಗೆ ಎಷ್ಟು ಸದ್ದು ಎಂಬ ಲೆಕ್ಕ ನಿಮ್ಮ ಕಿವಿಗೇ ಸಿಗಲಿ ಎಂದು.

ಗಿಟಾರ್ ಆಂಪ್ಲಿಫೈಯರಿನಂಥ ಜೋರಾದ ಮೂಲಕ್ಕೆ 30ರಿಂದ 40 ಡೆಸಿಬೆಲ್ ಗೇನ್ ಸಾಕು. ಆದ್ದರಿಂದ 70 ಡೆಸಿಬೆಲ್ ಗೇನ್, ಕಡಿಮೆ ಹಿಸ್ ಎಂಬ ಜಾಹೀರಾತಿಗೆ ರಾಕ್ ಮುದ್ರಿಸುವವರು ಹೆಚ್ಚು ಬೆಲೆ ಕೊಡಬೇಕಿಲ್ಲ. ನೀವು ನೋಡಬೇಕಾದ್ದು ಔಟ್‌ಪುಟ್ ಮಟ್ಟ ಇಳಿಸುವ ಗುಂಡಿ ಇದೆಯೇ ಎಂಬುದನ್ನು. ಮೂಲ 1073ರಲ್ಲಿ ಅದಿರಲಿಲ್ಲ, ಆ ಕೆಲಸ ಕನ್ಸೋಲಿನ ಫೇಡರಿನದಾಗಿತ್ತು. ಗೇನ್ ಏರಿಸಿ ಟ್ರಾನ್ಸ್‌ಫಾರ್ಮರಿಗೆ ಒತ್ತಡ ಕೊಟ್ಟು, ಹೊರಬರುವಲ್ಲಿ ಇಳಿಸಿದರೆ ಮಾತ್ರ ನೀವು ಹಣ ಕೊಟ್ಟ ಆ ಬಣ್ಣ ಬರುತ್ತದೆ. ಆ ಗುಂಡಿಯಿಲ್ಲದಿದ್ದರೆ ಸದ್ದು ಮೊದಲು ಇಂಟರ್‌ಫೇಸಿನಲ್ಲೇ ಒಡೆಯುತ್ತದೆ.

ಇನ್ನೊಂದು ಮಾತು. ಈಗಿರುವ 1073ರ ಹೊರದಾರಿ ಇಂಟರ್‌ಫೇಸಿನ ಮೈಕ್ ಇನ್‌ಪುಟ್ಟಿಗೆ ಹೋಗಿದೆಯೋ, ಲೈನ್ ಇನ್‌ಪುಟ್ಟಿಗೋ ಇವತ್ತೇ ನೋಡಿ. ಮೈಕ್ ಇನ್‌ಪುಟ್ಟಿಗೆ ಹೋಗಿದ್ದರೆ ಒಂದು ಪ್ರೀಆಂಪಿನ ಮೇಲೆ ಇನ್ನೊಂದನ್ನು ಹೇರಿದಂತೆ, ಲೈನಿಗೆ ಬದಲಿಸಿ. ಅಮೆರಿಕದಿಂದ ಹಳೆಯ ಯಂತ್ರ ತರಿಸುವುದಾದರೆ, ಗೋಡೆಗೆ ಚುಚ್ಚುವ ಮುಂಚೆ ಹಿಂಬದಿಯ ವೋಲ್ಟೇಜ್ ಸ್ವಿಚ್ 115ರಿಂದ 230ಕ್ಕೆ ಬಂದಿದೆಯೇ, ಫ್ಯೂಸ್ ಅದಕ್ಕೆ ತಕ್ಕದ್ದೇ ಎಂದು ಖಚಿತಪಡಿಸಿಕೊಳ್ಳಿ.