ಮೆನ್ನೊನೈಟರ ಅರಣ್ಯಸೇವೆ ಸೈನ್ಯದಿಂದ ತಪ್ಪಿಸಿಕೊಳ್ಳುವ ಸುಲಭೋಪಾಯವಾಗಿತ್ತೆ?

ಮೆನ್ನೊನೈಟ್ ಪಂಥದ ಗಂಡಸರು ಸೈನ್ಯಕ್ಕೆ ಸೇರುವ ಬದಲು ಕಾಡಿನಲ್ಲಿ ಕೆಲಸ ಮಾಡುತ್ತಿದ್ದರಂತೆ, ಅದು ಸರಕಾರವೇ ತೋರಿಸಿಕೊಟ್ಟ ಸುಲಭದ ದಾರಿಯಲ್ಲವೇ ಎಂದು ತಾವು ಕೇಳಿದ್ದೀರಿ. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ನೆಡುತೋಪುಗಳ ಚರಿತ್ರೆ ಓದುವಾಗ ಈ ಜನರ ಪರಿಚಯವಾಯಿತು. ನಾನು ತಿಳಿದುಕೊಂಡ ಮಟ್ಟಿಗೆ ಅದು ಸುಲಭವಾಗಿರಲಿಲ್ಲ, ಪುಕ್ಕಟೆಯಂತೂ ಆಗಿರಲೇ ಇಲ್ಲ. ಅಷ್ಟೇ ಅಲ್ಲ, ಇಂಥ ಸೇವೆಯನ್ನು ಒಪ್ಪಿಕೊಳ್ಳುವುದು ಸರಿಯೇ ಎಂಬ ವಿಷಯದಲ್ಲಿ ಮೆನ್ನೊನೈಟರೇ ಎರಡು ಹೋಳಾಗಿದ್ದರು.

ಮೆನ್ನೊನೈಟರು 16ನೆಯ ಶತಮಾನದ ಯೂರೋಪಿನಲ್ಲಿ ರೂಪುಗೊಂಡ ಕ್ರೈಸ್ತ ಪಂಥದವರು. ಆಯುಧ ಹಿಡಿಯುವುದು ಯೇಸುವಿನ ಬೋಧನೆಗೆ ವಿರುದ್ಧ ಎಂಬುದು ಅವರ ನಂಬಿಕೆ. ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರೀನಳ ಆಹ್ವಾನದ ಮೇರೆಗೆ ಪ್ರಷ್ಯಾದಿಂದ ಹೊರಟ ಒಂದು ಗುಂಪು 1789ರಲ್ಲಿ ಈಗಿನ ಉಕ್ರೇನಿನ ನೀಪರ್ ನದಿಯ ಬಳಿ ಖೋರ್ತಿತ್ಸಾ ಎಂಬಲ್ಲಿ ನೆಲೆಯೂರಿತು. 1800ರಲ್ಲಿ ಚಕ್ರವರ್ತಿ ಪಾಲ್ ನೀಡಿದ ಸನ್ನದು ಅವರಿಗೆ ಸೈನ್ಯಸೇವೆಯಿಂದ ಶಾಶ್ವತ ವಿನಾಯಿತಿ ಕೊಟ್ಟಿತು. ಆ ಶಾಶ್ವತ ಎಂಬ ಮಾತು ಬಾಳಿದ್ದು ಮುಕ್ಕಾಲು ಶತಮಾನ ಮಾತ್ರ: 1874ರಲ್ಲಿ ಸಾರ್ವತ್ರಿಕ ಸೈನಿಕ ಸೇವೆಯ ಕಾನೂನು ಬಂದಿತು.

ಕಾನೂನಿನ ಸುದ್ದಿ ಹಬ್ಬಿದಾಗಲೇ ಊರೂರುಗಳಲ್ಲಿ ವಲಸೆಯ ಮಾತು ಶುರುವಾಗಿತ್ತು. ಒಳ್ಳೆಯ ರೈತರನ್ನು ಕಳೆದುಕೊಳ್ಳಲು ಮನಸ್ಸಿಲ್ಲದ ಸರಕಾರವು ಕ್ರಿಮಿಯ ಯುದ್ಧದ ಸೆವಾಸ್ಟಪೋಲ್ ಮುತ್ತಿಗೆಯಲ್ಲಿ ಹೆಸರು ಮಾಡಿದ್ದ ಜನರಲ್ ಟೋಟ್ಲೆಬೆನ್ ಅವರನ್ನು ಸಂಧಾನಕ್ಕೆ ಕಳುಹಿಸಿತು. ಆಯುಧ ಮುಟ್ಟದ ಸೇವೆಗಳಾಗಿ ಕಾರ್ಯಾಗಾರ, ಅಗ್ನಿಶಾಮಕ ದಳ, ಅರಣ್ಯ ಇವುಗಳ ಪ್ರಸ್ತಾಪವಾಯಿತು. ಹುಡುಗರು ಒಬ್ಬೊಬ್ಬರಾಗಿ ಚದುರಿಹೋಗದೆ, ತಮ್ಮದೇ ಬೋಧಕರ ಕಣ್ಣಳವಿನಲ್ಲಿ, ಸೈನಿಕ ಇಲಾಖೆಯ ಹಿಡಿತಕ್ಕೆ ಸಿಗದೆ ಒಟ್ಟಿಗೆ ಇರಲು ಸಾಧ್ಯವಿದ್ದದ್ದು ಅರಣ್ಯದಲ್ಲಿ ಮಾತ್ರ. ಹಿರಿಯರು ಅದನ್ನೇ ಆಯ್ದುಕೊಂಡರು. ಆದರೆ ರಾಜ್ಯದ ಯಾವ ಸೇವೆಯಾದರೂ ಕೊನೆಗೆ ಸೈನ್ಯಕ್ಕೆ ಕೊಟ್ಟ ಕೈ ಎಂದು ಭಾವಿಸಿದ ಸುಮಾರು 18,000 ಮಂದಿ, ಅಂದರೆ ಅಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ, ಹೊಲಮನೆ ಮಾರಿ ಕೆನಡಾದ ಮ್ಯಾನಿಟೋಬಾಕ್ಕೂ ಅಮೆರಿಕದ ಕ್ಯಾನ್ಸಸ್, ನೆಬ್ರಾಸ್ಕ ಮುಂತಾದ ಕಡೆಗೂ ಹೊರಟುಹೋದರು.

ಉಳಿದವರ ಮಕ್ಕಳು 1881ರಿಂದ ಶಿಬಿರಗಳಿಗೆ ಹೋಗತೊಡಗಿದರು. ಕಾಡು ಎಂದೊಡನೆ ನಮ್ಮ ಕಣ್ಣಿಗೆ ಮಲೆನಾಡು ಬರುತ್ತದೆ. ಅಲ್ಲಿದ್ದದ್ದು ಮರವೇ ಇಲ್ಲದ ಸ್ಟೆಪಿ ಬಯಲು. ಬೇಸಗೆಯ ಒಣಗಾಳಿಗೂ ಚಳಿಗಾಲದ ಹಿಮಗಾಳಿಗೂ ಅಡ್ಡಲಾಗಿ ಓಕ್, ಆ್ಯಶ್, ಎಲ್ಮ್ ಮರಗಳ ತೋಪುಗಳನ್ನು ಎಬ್ಬಿಸಬೇಕಿತ್ತು. ನಮ್ಮ ಬಯಲುಸೀಮೆಯಲ್ಲಿ ತೋಪು ಬೆಳೆಸಿದವರಿಗೆ ಗೊತ್ತಿರುವಂತೆ, ಸಸಿ ನೆಡುವುದು ಒಂದು ದಿನದ ಕೆಲಸ, ಕಳೆಯಿಂದ ಅದನ್ನು ಕಾಯುವುದು ವರ್ಷಗಳ ಕೆಲಸ. ಹುಲ್ಲಿನ ಬೇರು ನೆಲದ ತೇವವನ್ನೆಲ್ಲ ಹೀರಿಬಿಡುವ ಕಡೆ, ಸಸಿಗಳ ನೆರಳು ಒಂದಕ್ಕೊಂದು ಕೂಡಿ ಹುಲ್ಲನ್ನು ತಾನೇ ಅಡಗಿಸುವವರೆಗೂ ಸಾಲುಸಾಲಿನಲ್ಲಿ ಬಗ್ಗಿ ಕುಂಟೆ, ಗುದ್ದಲಿ ಆಡಿಸುತ್ತಲೇ ಇರಬೇಕು. ಆ ಹುಡುಗರು ಮೂರು ನಾಲ್ಕು ವರ್ಷ ಮಾಡಿದ್ದು ಬಹುಪಾಲು ಇದನ್ನೇ.

ಇನ್ನು ಖರ್ಚಿನ ಮಾತು. ಸರಕಾರ ಕೊಡುತ್ತಿದ್ದದ್ದು ಹತ್ಯಾರುಗಳು ಮತ್ತು ಆಳೊಬ್ಬನಿಗೆ ದಿನಕ್ಕೆ 20 ಕೊಪೆಕ್ (ರೂಬಲಿನ ನೂರನೆಯ ಭಾಗ ಒಂದು ಕೊಪೆಕ್). ವಸತಿಗೃಹಗಳನ್ನು ಕಟ್ಟಿಸಿದ್ದು, ಊಟಬಟ್ಟೆ ಒದಗಿಸಿದ್ದು, ಬೋಧಕರನ್ನು ಸಾಕಿದ್ದು ಎಲ್ಲವೂ ಮೆನ್ನೊನೈಟ್ ಊರುಗಳು, ತಮ್ಮ ಮೇಲೆ ತಾವೇ ಹಾಕಿಕೊಂಡ ಆಸ್ತಿ ತೆರಿಗೆಯಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಸುಮಾರು ಸಾವಿರ ತರುಣರು ಶಿಬಿರಗಳಲ್ಲಿದ್ದು, ವರ್ಷಕ್ಕೆ ಸುಮಾರು 3.5 ಲಕ್ಷ ರೂಬಲ್ ಖರ್ಚಾಗುತ್ತಿತ್ತು. ಯುದ್ಧ ಬಂದಾಗ ಸೇವೆಗೆ ಹೋದವರ ಸಂಖ್ಯೆ 12,000ದಷ್ಟಾಯಿತು; ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಗಾಯಾಳುಗಳನ್ನು ಸಾಗಿಸುವ ರೈಲುಗಳಲ್ಲಿ ಶುಶ್ರೂಷೆಗೆ ನಿಂತರು. ಕ್ರಾಂತಿಯ ನಂತರದ ಅರಾಜಕತೆಯಲ್ಲಿ, ಅರಾಜಕತಾವಾದಿ ನಾಯಕ ಮಖ್ನೋನ ಪಡೆಗಳು ಊರಿಗೆ ನುಗ್ಗಿದಾಗ ಕೆಲವು ಮೆನ್ನೊನೈಟರು ಕೋವಿಯನ್ನೂ ಹಿಡಿದರು ಎಂಬುದನ್ನು ಮುಚ್ಚಿಡಬಾರದು. ಅವರ ಪಂಥದಲ್ಲಿ ಅದು ಬಹುಕಾಲ ನೋಯುತ್ತಿದ್ದ ಗಾಯ.

1920ರ ದಶಕದಲ್ಲಿ ರಷ್ಯಾ ಬಿಟ್ಟ ಸಾವಿರಾರು ಜನ ಕೆನಡಾ ಸೇರಿದಾಗ ಹಳೆಯ ಭಿನ್ನಮತವೂ ಅವರೊಡನೆ ಸಮುದ್ರ ದಾಟಿತು. ಎರಡನೆಯ ಮಹಾಯುದ್ಧದ ನಡುವೆ, 1940ರಲ್ಲಿ, ಅಲ್ಲಿ ಕಡ್ಡಾಯ ಸೇವೆ ಬಂದಾಗ, 1870ರ ದಶಕದ ವಲಸಿಗರ ಮಕ್ಕಳು ಕೆನಡಾ ಸರಕಾರ 1873ರಲ್ಲಿ ಕೊಟ್ಟ ಲಿಖಿತ ಭರವಸೆಯನ್ನು ಮುಂದಿಟ್ಟು ಪೂರ್ಣ ವಿನಾಯಿತಿ ಕೇಳಿದರು. ರಷ್ಯಾದಿಂದ ಹೊಸದಾಗಿ ಬಂದವರು, ಅಲ್ಲಿ ಅರಣ್ಯಸೇವೆ ಮಾಡಿ ಬಲ್ಲವರಾದ್ದರಿಂದ, ಅಂಥದ್ದೇ ಏರ್ಪಾಡು ಆಗಲಿ ಎಂದರು. ರಾಜಧಾನಿ ಅಟಾವಾದ ಮಾತುಕತೆಯೊಂದರಲ್ಲಿ ಸರಕಾರದ ಕಡೆಯ ಮೇಜರ್ ಜನರಲ್ ಲಾಫ್ಲೆಶ್, ನಿಮ್ಮನ್ನು ಗುಂಡಿಕ್ಕಿದರೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ರಷ್ಯಾದಿಂದ ಬಂದಿದ್ದ ಹಿರಿಯ ಜೇಕಬ್ ಯಾನ್ಜೆನ್, ತಾವು ಎರಡು ಸಲ ಕೋವಿಗಳ ಎದುರು ನಿಂತವರೆಂದೂ ಇದು ನಾನೂರು ವರ್ಷಗಳಿಂದ ರಕ್ತದಲ್ಲಿ ಬಂದದ್ದೆಂದೂ ಮೊಣಕಾಲಿಗೆ ಒತ್ತಿ ಕಡ್ಡಿ ಮುರಿದಂತೆ ಇದನ್ನು ಮುರಿಯಲಾಗದೆಂದೂ ಉತ್ತರಿಸಿದರು.

ಕೊನೆಗೆ ಆದದ್ದು ಶಿಬಿರವೇ. ಕೆನಡಾದಲ್ಲಿ ಇಂಥ ಸೇವೆಗೆ ಹೋದ ಸುಮಾರು 10,000 ಮಂದಿಯಲ್ಲಿ ಹೆಚ್ಚಿನವರು ಮೆನ್ನೊನೈಟರು. 1942ರಿಂದ ಬ್ರಿಟಿಷ್ ಕೊಲಂಬಿಯದಲ್ಲಿ, ಮುಖ್ಯವಾಗಿ ವ್ಯಾಂಕೂವರ್ ದ್ವೀಪದಲ್ಲಿ, ಹಿಂದೆ ಸುಟ್ಟುಹೋಗಿದ್ದ ಕಾಡಿಗೆ ಅವರು ಮರುಜೀವ ಕೊಟ್ಟರು. ಸುಟ್ಟು ನಿಂತ ಒಣಮರಗಳನ್ನು ಮೊದಲು ಉರುಳಿಸಬೇಕಿತ್ತು, ಏಕೆಂದರೆ ಮುಂದಿನ ಬೆಂಕಿಯ ಕಿಡಿ ಹಾರುವುದು ಅವುಗಳ ತುದಿಯಿಂದಲೇ. ಎರಡೇ ವರ್ಷಗಳಲ್ಲಿ ನೆಟ್ಟ ಸಸಿಗಳು ಸುಮಾರು 1.7 ಕೋಟಿ. ಕೂಲಿ ದಿನಕ್ಕೆ 50 ಸೆಂಟ್. ಅಮೆರಿಕದಲ್ಲಿ ಅದೂ ಇರಲಿಲ್ಲ. 1941ರಲ್ಲಿ ಮೇರಿಲ್ಯಾಂಡಿನ ಪಟಾಪ್ಸ್ಕೊದಲ್ಲಿ ಆರಂಭವಾದ ಶಿಬಿರಗಳ ಖರ್ಚನ್ನು ಚರ್ಚುಗಳು ಹೊತ್ತವು, ಸಂಬಳವೆಂಬುದೇ ಇರಲಿಲ್ಲ.

1943ರಿಂದ ಕೆನಡಾದಲ್ಲಿ ಆಳುಗಳ ಅಭಾವ ಹೆಚ್ಚಾಗಿ ಬಹಳ ಮಂದಿಯನ್ನು ಶಿಬಿರದಿಂದ ಹೊಲಗಳಿಗೂ ಕಾರ್ಖಾನೆಗಳಿಗೂ ಕಳುಹಿಸಲಾಯಿತು. ಅಲ್ಲಿ ಸಿಗುತ್ತಿದ್ದ ಕೂಲಿ ಹೆಚ್ಚು. ಆದರೆ ಸಾಮಾನ್ಯವಾಗಿ ತಿಂಗಳಿಗೆ 25 ಡಾಲರ್ ಮಾತ್ರ ಕೈಗೆ ಬರುತ್ತಿತ್ತು, ಉಳಿದದ್ದನ್ನು ರೆಡ್ ಕ್ರಾಸ್‌ಗೆ ಕಟ್ಟಬೇಕಿತ್ತು.