ನಿಮ್ಮ ಮುರುಗಲು ಲೇಖನದ ಬಗ್ಗೆ

ನಮಸ್ಕಾರ,

ಮುರುಗಲು ಹಣ್ಣಿನ (ಪುನರ್ಪುಳಿ, ಕೋಕಂ) ಬಗ್ಗೆ ನೀವು ಕಳಿಸಿದ ‘ಮುರುಗಲು: ಹಿತ್ತಲಿನ ಸಂಜೀವಿನಿ’ ಓದಿದೆ, ಎರಡು ಸಲ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕೋದಕ್ಕೆ ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು, ‘ಸಂಜೀವಿನಿ’ ಬೇಡ. ನಮ್ಮಲ್ಲಿಗೆ ವಾರಕ್ಕೊಂದು ಸಂಜೀವಿನಿ ಬರುತ್ತದೆ. ಹೋದ ವಾರದ್ದು ನುಗ್ಗೆಸೊಪ್ಪು.

‘ದಿನಾ ಒಂದು ಲೋಟ ಶರಬತ್ತು ಕುಡಿದರೆ ಗಾರ್ಸಿನಾಲ್ ಸಿಕ್ಕಿ ಉರಿಯೂತ ಮಾಯ’ ಅಂತ ಬರೆದಿದ್ದೀರಿ. ಇಲ್ಲಿ ಎರಡು ಬೇರೆ ಬೇರೆ ವಸ್ತು ಕಲಸಿಹೋಗಿವೆ. ಶರಬತ್ತಿನ ಕೆಂಪು, ಹಣ್ಣಿನ ಬಣ್ಣದ ವಸ್ತುವಾದ ಆಂಥೋಸಯನಿನ್‌ನದು, ಅದು ನೀರಿಗೆ ಇಳಿಯುತ್ತದೆ. ಗಾರ್ಸಿನಾಲ್ ಸಿಪ್ಪೆಯಲ್ಲಿರುವ ಇನ್ನೊಂದು ವಸ್ತು, ಅದು ಹಳದಿ. ಅದು ಎಣ್ಣೆಯ ಜೊತೆ ಸೇರುವಂಥದ್ದು, ನೀರಿಗೆ ಒಗ್ಗುವುದಿಲ್ಲ. ಹಾಗಾಗಿ ನೀವು ಹಿಂಡಿ ಎಸೆಯುವ ಸಿಪ್ಪೆಯಲ್ಲೇ ಬಹುಪಾಲು ಉಳಿದುಬಿಡುತ್ತದೆ! ಅದು ಉರಿಯೂತ ತಗ್ಗಿಸಿದ್ದು ಕಂಡಿರುವುದು ಕೂಡ ಮುಖ್ಯವಾಗಿ ಲ್ಯಾಬಿನ ಜೀವಕೋಶಗಳಲ್ಲಿ, ಇಲಿಗಳಲ್ಲಿ. ಅದನ್ನು ಹಾಗೇ ಬರೆಯಿರಿ. ಶರಬತ್ತಿಗೆ ಸುರಿಯುವ ಸಕ್ಕರೆಯ ಸುದ್ದಿಯೇ ಇಲ್ಲವಲ್ಲ?

‘ಪ್ರಬಲ ಆಂಟಿಆಕ್ಸಿಡೆಂಟ್’ (ಜೀವಕೋಶಗಳ ಹಾನಿ ತಡೆಯುತ್ತದೆ ಅನ್ನುವ ವಸ್ತು) ಏಳು ಸಲ ಬಂದಿದೆ. ಅದನ್ನು ಅಳೆಯುವುದು ಹೇಗೆ ಅಂತ ಒಂದು ಸಲವೂ ಇಲ್ಲ. ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣಕ್ಕೆ ಹಣ್ಣಿನ ಸಾರ ಹಾಕುತ್ತಾರೆ. ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತು ಅನ್ನೋದೇ ಲೆಕ್ಕ. ಆದರೆ ಹೊಟ್ಟೆ ಗಾಜಿನ ನಳಿಗೆಯಲ್ಲ. ಕರುಳು ಸ್ವಲ್ಪವನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ, ಅದನ್ನೂ ಲಿವರ್ ಬೇರೆಯದಾಗಿ ಮಾಡಿಬಿಡುತ್ತದೆ. ನೀವು ಕೊಟ್ಟಿರುವ ‘ಒರಾಕ್’ ಅಂಕಿಗಳ, ಅಂದರೆ ನಳಿಗೆಯಲ್ಲೇ ಅಳೆದ ಆಂಟಿಆಕ್ಸಿಡೆಂಟ್ ಬಲದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತನ್ನ ವೆಬ್‌ಸೈಟಿನಿಂದ ತೆಗೆದುಹಾಕಿತು. ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸಿಕೊಳ್ಳುತ್ತಿದ್ದವು.

ಇನ್ನು ಮುರುಗಲಿನ ದಾಯಾದಿ ಉಪ್ಪಾಗೆ. ‘ಬೊಜ್ಜು ಕರಗಿಸುತ್ತದೆ’ ಅಂತ ಅರ್ಧ ಸಾಲಿನಲ್ಲಿ ದಾಟಿದ್ದೀರಿ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರದ ಪರೀಕ್ಷೆ ನಡೆಯಿತು. ಹುಸಿ ಮಾತ್ರೆ ನುಂಗಿದವರಿಗಿಂತ ಉಪ್ಪಾಗೆ ಸಾರ ನುಂಗಿದವರು ಹೇಳಿಕೊಳ್ಳುವಷ್ಟು ಜಾಸ್ತಿ ತೆಳ್ಳಗಾಗಲಿಲ್ಲ. ಆದರೆ ಆ ಮಾತ್ರೆಯ ಬೇಡಿಕೆಗೆ ನಮ್ಮ ಉತ್ತರ ಕನ್ನಡದ ಕಾಡಿನಲ್ಲಿ ಕೊಂಬೆ ಕಡಿದು ಕಾಯಿ ಇಳಿಸಿದ್ದೂ ಉಂಟು. ಸಿಪ್ಪೆ ಬರುವುದು ಮಳೆಗಾಲದಲ್ಲಿ, ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಸಿದರು. ಬೇರೆ ಲೇಖನವೇ ಇದೆ ಅಲ್ಲಿ.

ನಿಜವಾಗಿ ನನ್ನನ್ನು ಹಿಡಿದದ್ದು ಮೂರನೇ ಪುಟ. ಶರಬತ್ತಿನ ಲೋಟಕ್ಕೆ ಸೋಪು ತಾಗಿ ಕೆಂಪು ನೀಲಿಯಾದಾಗ ಅಜ್ಜಿ ‘ಹಣ್ಣಿಗೆ ಸಿಟ್ಟು ಬಂತು’ ಅಂದರಂತಲ್ಲ? ಅದೇ ಆಂಥೋಸಯನಿನ್. ಹುಳಿಯಲ್ಲಿ ಕೆಂಪು, ಸೋಪಿನ ಕ್ಷಾರಕ್ಕೆ ನೀಲಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಮೊದಲ ಎರಡು ಪುಟ ಸುಮ್ನೆ ತೆಗೆದುಬಿಡಿ, ಅವು ಎಲ್ಲಿಂದಲೋ ಎತ್ತಿದ ಹಾಗಿವೆ.

ಅಜ್ಜಿ ಹಿಮ್ಮಡಿ ಒಡಕಿಗೆ ಹಚ್ಚುತ್ತಿದ್ದ ಮುರುಗಲು ತುಪ್ಪಕ್ಕೂ ಒಂದೇ ಸಾಲು ಸಾಲದು. ಬೀಜ ಎಷ್ಟು ದಿನ ಒಣಗಿಸುತ್ತಿದ್ದರು, ಕುದಿಯುವಾಗ ಮನೆಯೆಲ್ಲ ಏನು ವಾಸನೆ, ತೇಲಿದ ಜಿಡ್ಡನ್ನು ಯಾವುದರಲ್ಲಿ ತೆಗೆಯುತ್ತಿದ್ದರು? ಅಮ್ಮನನ್ನು ಕೇಳಿ ಬರೆಯಿರಿ. ಮುರುಗಲು ಹಣ್ಣಾಗುವ ಏಪ್ರಿಲ್ ಒಳಗೆ ಕಳಿಸಿದರೆ ಆ ತಿಂಗಳೇ ನೋಡೋಣ.