ಇರುವೆ ದೊಡ್ಡದಾದರೆ ಡ್ರ್ಯಾಗನ್ ಸೋಲುತ್ತಾ?

ಪ್ರಶ್ನೆ: ಇರುವೆ ತನ್ನ ತೂಕದ 50 ಪಟ್ಟು ಭಾರ ಎತ್ತುತ್ತದಂತೆ. ಅದು ದೈತ್ಯ ಉಡವಾದ ಕೊಮೊಡೊ ಡ್ರ್ಯಾಗನ್‌ನಷ್ಟು ದೊಡ್ಡದಿದ್ದರೆ ಡ್ರ್ಯಾಗನ್ ಸೋಲುತ್ತಿತ್ತು ಅಲ್ವಾ?

ಇಲ್ಲ. ಶಾಲೆಗಳಿಗೆ ಹೋದಲ್ಲೆಲ್ಲ ಮಕ್ಕಳು ಇದನ್ನೇ ಕೇಳುತ್ತಾರೆ. ಮಕ್ಕಳು ಕೇಳಲಿ, ಸಂತೋಷ. ಆದರೆ ದೊಡ್ಡವರು ವಿಡಿಯೊ ಮಾಡಿ ‘ಹೌದು, ಇರುವೆಯೇ ಗೆಲ್ಲುತ್ತೆ’ ಅಂತ ಹೇಳಿಬಿಟ್ಟರೆ ಸಿಟ್ಟು ಬರುತ್ತದೆ.

ಒಂದೇ ಅಳತೆಯ ಎಂಟು ಚೌಕ ಬೆಲ್ಲದ ತುಂಡು ತಗೊಳ್ಳಿ. ನಾಲ್ಕನ್ನು ಕೆಳಗೆ ಒತ್ತಾಗಿ ಜೋಡಿಸಿ, ನಾಲ್ಕನ್ನು ಮೇಲಿಡಿ. ಉದ್ದ, ಅಗಲ, ಎತ್ತರ ಎಲ್ಲ ಎರಡು ಪಟ್ಟಾಯಿತು. ತೂಕ ಮಾತ್ರ 8 ಪಟ್ಟು. ಅಷ್ಟನ್ನೂ ಹೊತ್ತು ಕೂತಿರುವುದು ಕೆಳಗಿನ ನಾಲ್ಕೇ ತುಂಡು. ಸ್ನಾಯುವಿನ ಕಥೆಯೂ ಇದೇ. ಅದರ ಬಲ ಇರುವುದು ದಪ್ಪದಲ್ಲಿ, ಅಡ್ಡ ಕೊಯ್ದರೆ ಎಷ್ಟು ಅಗಲ ಕಾಣುತ್ತದೋ ಅದರಲ್ಲಿ. ಮೈ ಬೆಳೆದಂತೆ ತೂಕ ಅದನ್ನು ಹಿಂದೆ ಹಾಕಿ ಓಡುತ್ತದೆ. ಮೂಳೆಗಳ ಬಗ್ಗೆ ಗೆಲಿಲಿಯೊ 1638ರಲ್ಲೇ ಇದನ್ನು ಹೇಳಿದ್ದ.

ಈಗ ಲೆಕ್ಕಕ್ಕೆ ಬನ್ನಿ. ಅಡುಗೆಮನೆಗೆ ನುಗ್ಗುವ ಫೇರೋ ಇರುವೆ ಸುಮಾರು 2 ಮಿ.ಮೀ. ಇಂಡೊನೇಷ್ಯಾದ ಕೊಮೊಡೊ ಬಾಲ ಸೇರಿ 3 ಮೀಟರ್ ಬೆಳೆಯುತ್ತೆ. ಅಂದರೆ 1,500 ಪಟ್ಟು. ಇರುವೆಯನ್ನು ಅಷ್ಟು ಹಿಗ್ಗಿಸಿದರೆ ಬಲ 1,500 × 1,500, ಅಂದರೆ 22.5 ಲಕ್ಷ ಪಟ್ಟು ಏರುತ್ತೆ, ತೂಕ 1,500 × 1,500 × 1,500, ಅಂದರೆ ಸುಮಾರು 337 ಕೋಟಿ ಪಟ್ಟು! ನೀವು ಹೇಳಿದ ಆ 50 ಪಟ್ಟು, ಸ್ವಂತ ತೂಕದ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಡ್ರ್ಯಾಗನ್ ಹತ್ತಿರ ಬರುವುದೇ ಬೇಡ, ಇರುವೆ ಮೈ ಎತ್ತಲಾಗದೆ ಅಲ್ಲೇ ಕುಸಿಯುತ್ತೆ. ಉಸಿರೂ ಸಾಲದು. ಅದಕ್ಕೆ ಶ್ವಾಸಕೋಶ ಇಲ್ಲ, ಮೈ ಪಕ್ಕದ ತೂತುಗಳಿಂದ ಸಣ್ಣ ಕೊಳವೆಗಳಲ್ಲಿ ಗಾಳಿ ಒಳಗೆ ಹೋಗಬೇಕು.

ಹಾಗಂತ ಇರುವೆಯೇನು ಕಡಿಮೆಯಲ್ಲ. ತನಗಿಂತ ದೊಡ್ಡ ಸಕ್ಕರೆ ಹರಳು ಕಚ್ಚಿಕೊಂಡು, ಆರೂ ಕಾಲು ಊರಿ, ಹಿಂದಹಿಂದಕ್ಕೆ ಎಳೆಯುವುದನ್ನು ಬಗ್ಗಿ ನೋಡಿ. ಅಷ್ಟು ಚಿಕ್ಕದಾಗಿರುವುದರಿಂದಲೇ ಅದಕ್ಕೆ ಆ ತಾಕತ್ತು.

ಪ್ರಶ್ನೆ: ಕೊಮೊಡೊ ಕೊಲ್ಲುವುದು ಬಾಯಿಯ ಕೊಳಕು ಬ್ಯಾಕ್ಟೀರಿಯಾದಿಂದ ತಾನೆ?

ಹಳೇ ಕಥೆ, ಬಿಟ್ಟುಬಿಡಿ. ಅದರ ಕೆಳದವಡೆಯಲ್ಲಿ ವಿಷದ ಗ್ರಂಥಿಗಳಿವೆ ಅಂತ 2009ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ.

ಪ್ರಶ್ನೆ: ದುಡ್ಡು ನಿಲ್ಲುತ್ತೆ ಅಂತ ಒಬ್ಬರು ‘ಹತ್ಥಾ ಜೋಡಿ’ ಬೇರು ಕೊಟ್ಟರು. ಇಟ್ಟುಕೊಳ್ಳಬಹುದೇ?

ಅದು ಬೇರಲ್ಲ. ಅಸಲಿಯಾದರೆ, ಕೈ ಮುಗಿದಂತೆ ಕಾಣುವ ಅದು ಗಂಡು ಉಡದ ಒಣಗಿಸಿದ ಜನನಾಂಗ. ನಿಮಗೆ ಅದನ್ನು ಕೊಡಲು ಒಂದು ಉಡವನ್ನು ಸಾಯಿಸಿರುತ್ತಾರೆ. ಉಡ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಇಟ್ಟುಕೊಂಡರೂ ಅಪರಾಧವೇ. ಇವತ್ತೇ ಅರಣ್ಯ ಇಲಾಖೆಗೆ ಒಪ್ಪಿಸಿ. ಕೊಟ್ಟವನು ಯಾರು ಅಂತಲೂ ತಿಳಿಸಿ.